ಚಿಕ್ಕಮ್ಮನ ಡ್ರೈಯರ್, ನನ್ನ ಬೂಟ್‌ಲೋಡರ್

ಮಲೆನಾಡಿನ ಹೆತ್ತೂರಿನ ಕಡೆಯವರಾದ ನಮಗೆ ಮಳೆಯ ಮೇಲೆ ನಂಬಿಕೆಯಿಲ್ಲ. ಟಿವಿ ರಿಮೋಟನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡುತ್ತೇವೆ. ಚಿಕ್ಕಮ್ಮನ ಕಾಫಿ ಡ್ರೈಯರ್‌ಗೆ ಕಂಟ್ರೋಲ್ ಬೋರ್ಡ್ ಮಾಡಿಕೊಟ್ಟಾಗ ನಾನೂ ಥಂಡಿ ತಾಗಬಾರದೆಂದು ಅದರ ಮೇಲೆಲ್ಲ ಗಟ್ಟಿಯಾಗುವ ಅಂಟು ಸುರಿದೆ. ಹೊರಗುಳಿದದ್ದು ಒಂದು ಯುಎಸ್‌ಬಿ ಕಿಂಡಿ, ಒಂದು ಗುಂಡಿ. ಎಂಥ ಬುದ್ಧಿವಂತ ನಾನು ಎಂದು ಬೆನ್ನು ತಟ್ಟಿಕೊಂಡಿದ್ದೆ.

ವರ್ಷಗಟ್ಟಲೆ ತೋಟದ ಲೆಕ್ಕ, ಆಳುಕಾಳು ನೋಡಿಕೊಳ್ಳುವ ರೈಟರ್ ಹೇಳಿದಂತೆ ಎಸ್ಟೇಟ್ ನಡೆಸಿದ್ದ ಚಿಕ್ಕಮ್ಮ ಈ ಕೊಯ್ಲಿನಲ್ಲಿ ಮೊದಲ ಸಲ ತಾನೇ ನಿಂತು ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ಪಲ್ಪ್ ಮಾಡಿಸಿ, ತೊಳೆಸಿ, ಒಂದು ರಾಶಿ ಬೀಜ ಸಿದ್ಧಮಾಡಿದ್ದಳು. ಅಂದೇ ಮೋಡ ಕವಿಯಿತು, ಡ್ರೈಯರೇ ಗತಿ. ಅದು ಇನ್ನೂ ಚೆನ್ನಾಗಿ ಓಡಲಿ ಎಂದು ನಾನು ಹೊಸ ಪ್ರೋಗ್ರಾಂ ಹಾಕುತ್ತಿರುವಾಗ ಕರೆಂಟು ಹೋಯಿತು. ಮತ್ತೆ ಬಂದಾಗ ಬೋರ್ಡು ಏಳಲಿಲ್ಲ. ಅದನ್ನು ಎಬ್ಬಿಸುವ ಬೂಟ್‌ಲೋಡರೇ ಅರ್ಧ ಅಳಿಸಿಹೋಗಿತ್ತು.

"ಸಂಜೆಯೊಳಗೆ ಬೀಜಕ್ಕೆ ಬಿಸಿ ತಾಗ್ದಿದ್ರೆ ಹುಳಿ ವಾಸ್ನೆ ಬಂದ್ಬುಡ್ತದೆ ಕಣೋ. ಡಬ್ಬಿ ಬಿಚ್ಚಿ ನೋಡು," ಎಂದಳು ಚಿಕ್ಕಮ್ಮ.

ನಾನು ಅಂಟು ತೋರಿಸಿದೆ.

"ಮಳೆ ಒಳಗೆ ಹೋಗ್ದಂಗೆ ಮಾಡು ಅಂದ್ರೆ, ನೀನೂ ಹೋಗ್ದಂಗೆ ಮಾಡ್ಕಂಡಿದ್ದೀಯಲ್ಲ ಮಾರಾಯ."

ನಾಚಿಕೆಯಾಯಿತು, ನಗುವೂ ಬಂತು. ಸ್ಟೋರಿನಲ್ಲೇ ಮೂಟೆಯ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದೆ. ಗುಂಡಿ ಒತ್ತಿಕೊಂಡು ಕರೆಂಟು ಕೊಟ್ಟರೆ ಬೋರ್ಡಿನ ಚಿಪ್ ಯುಎಸ್‌ಬಿ ಕಿಂಡಿಯಿಂದಲೇ ಹೊಸ ಬೂಟ್‌ಲೋಡರ್ ತೆಗೆದುಕೊಳ್ಳುತ್ತದೆ. ತೆಗೆದುಕೊಂಡಿತು, ಎದ್ದಿತು, ಮರುಕ್ಷಣ ಲ್ಯಾಪ್‌ಟಾಪಿನಿಂದ ಮಾಯ. ಮೂರು ಸಲವೂ ಅದೇ ಕಥೆ.

ಆಮೇಲೆ ಹೊಳೆಯಿತು. ಬೋರ್ಡು ತಾನೇ ಒಂದು ಪೆನ್‌ಡ್ರೈವ್‌ನಂತೆ ಲ್ಯಾಪ್‌ಟಾಪಿಗೆ ಕಾಣಿಸಿಕೊಳ್ಳಲಿ ಎಂದು ಹೊಸ ಬೂಟ್‌ಲೋಡರಿಗೆ ಡಿವೈಸ್ ಮೋಡ್ ಸೇರಿಸಿದ್ದೆ. ಆದರೆ ಬೋರ್ಡಿನ ವಿವರ ಬರೆದಿಟ್ಟ ಕಡತದಲ್ಲಿ ಆ ಕಿಂಡಿ ಇನ್ನೂ 'ಹೋಸ್ಟ್', ಅಂದರೆ ಯಜಮಾನನಾಗಿಯೇ ಇತ್ತು; ಬೇರೆಯವರ ಪೆನ್‌ಡ್ರೈವ್ ಓದಲು ಕಾದು ಕುಳಿತಿತ್ತು. ಇಬ್ಬರು ಯಜಮಾನರು ಎದುರುಬದುರು ಕೂತರೆ ಮಾತು ಎಲ್ಲಿಂದ ಬರಬೇಕು? ಒಂದು ಪದ ಬದಲಿಸಿ ಮತ್ತೆ ಕಳಿಸಿದೆ.

ಟಿಂಗ್ ಎಂದಿತು. ಪರದೆಯ ಮೇಲೆ ಹೊಸ ಡ್ರೈವ್ ಕಾಣಿಸಿತು. ಹಳೆಯ ಪ್ರೋಗ್ರಾಮನ್ನೆಲ್ಲ ಅದಕ್ಕೆ ತುಂಬಿ ಬೋರ್ಡು ಆರಿಸಿ ಹಾಕಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಡ್ರೈಯರಿನ ಫ್ಯಾನು ತಿರುಗಿತು.

ಚಿಕ್ಕಮ್ಮ ಡ್ರೈಯರಿನಲ್ಲಿದ್ದ ಬೀಜದೊಳಗೆ ಕೈಯಿಟ್ಟು ಅಡಿಮೇಲು ಮಾಡಿದಳು.

"ಬೆಚ್ಚಗಾಗ್ತಾ ಐತೆ ಕಣೋ," ಎಂದಳು. ಕಣ್ಣಲ್ಲಿ ನೀರಿತ್ತು, ಬಾಯಿ ನಗುತ್ತಿತ್ತು. "ಹೋಗಿ ರೈಟರ್‌ನ ಕರ್ಕಂಡ್ ಬಾ. ನಾನ್ ಮಾಡಿದ್ ಬೀಜ ಒಂದ್ಸಲ ಮೂಸಿ ನೋಡ್ಲಿ."