ಅತ್ತೆಯ ದನಿ ಹೋದ ಶ್ರಾವಣ

ನಾನು ಮದುವೆಯಾಗಿ ದಾಂಡೇಲಿಗೆ ಬಂದಾಗ ಕಾಗದದ ಮಿಲ್ಲು ಶುರುವಾಗಿ ಕೆಲವೇ ವರ್ಷಗಳಾಗಿದ್ದವು. ನನ್ನ ಗಂಡನಿಗೆ ಅಲ್ಲೇ ಕೆಲಸ. ಅಂಬೇವಾಡಿಯಲ್ಲಿ ಎರಡು ಕೋಣೆಯ ಮನೆ. ಧಾರವಾಡದಲ್ಲಿ ಮನಃಶಾಸ್ತ್ರ ತೆಗೆದುಕೊಂಡು ಬಿ.ಎ. ಮುಗಿಸಿದ್ದ ನಾನು, ಮಾನಸಿಕ ಕಾಯಿಲೆಗಳ ಬಗ್ಗೆ ಬರೆದ ಒಂದು ದಪ್ಪ ಪುಸ್ತಕವನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡೇ ಗಂಡನ ಮನೆಗೆ ಬಂದಿದ್ದೆ. ಸೊಸೆ ಏನು ಓದಿದ್ದಾಳೆ ಎಂದು ಯಾರಾದರೂ ಕೇಳಿದರೆ ನನ್ನ ಅತ್ತೆ, ‘ಹುಚ್ಚು ಬಿಡಸೂದು ಕಲ್ತಾಳ’ ಎನ್ನುತ್ತಿದ್ದರು. ಅದರಲ್ಲಿ ಹೆಮ್ಮೆ ಎಷ್ಟು, ಅನುಮಾನ ಎಷ್ಟು ಎಂಬುದು ನನಗೆ ತಿಳಿಯುತ್ತಿರಲಿಲ್ಲ.

ಅತ್ತೆ ಹಳಿಯಾಳದ ಹತ್ತಿರದ ಹಳ್ಳಿಯವರು. ಗಂಡ ತೀರಿಕೊಂಡ ಮೇಲೆ ಮಗನ ಜೊತೆ ದಾಂಡೇಲಿಗೆ ಬಂದಿದ್ದರು. ಅವರ ದನಿ ನಮ್ಮ ಓಣಿಗೆಲ್ಲ ಪರಿಚಿತ. ಕಾಯಿಪಲ್ಯೆ ಮಾರುವವಳು ಆಚೆ ಓಣಿಯಲ್ಲಿದ್ದರೂ ಅವರು ಹೊಸ್ತಿಲಲ್ಲಿ ನಿಂತು ಒಮ್ಮೆ ಕರೆದರೆ ಸಾಕು, ಬುಟ್ಟಿ ಹೊತ್ತು ಬರುತ್ತಿದ್ದಳು. ಅವರು ನನ್ನನ್ನು ಬೈದದ್ದು ಕಡಿಮೆ. ಆದರೆ ಪ್ರೀತಿಯಿಂದ ಕರೆದರೂ ಹೊರಗಿನವರಿಗೆ ಅದು ಬೈಗುಳದ ಹಾಗೆಯೇ ಕೇಳುತ್ತಿತ್ತು.

ಆ ವರ್ಷ ಶ್ರಾವಣ ಹಿಡಿದ ಹೊಸತರಲ್ಲಿ ಒಂದು ಸಂಜೆ ನನ್ನ ಗಂಡ ಊಟಕ್ಕೆ ಕೂತು ಒಂದು ಸುದ್ದಿ ಹೇಳಿದರು. ಮುಂಡಗೋಡದಲ್ಲಿದ್ದ ಅತ್ತೆಯ ತಂಗಿಯ ಗಂಡನಿಗೂ ಮಿಲ್ಲಿನಲ್ಲಿ ಕೆಲಸ ಸಿಕ್ಕಿದೆ, ಅವರು ನಮ್ಮ ಹಿಂದಿನ ಓಣಿಗೇ ಬರುತ್ತಾರೆ ಎಂದರು. ಅತ್ತೆ ಮಗನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಒಲೆಯ ಕಡೆಗೆ ತಿರುಗಿದರು.

ಮರುದಿನ ಬೆಳಿಗ್ಗೆ ಅವರ ದನಿ ಹೋಗಿತ್ತು. ತುಟಿ ಆಡುತ್ತಿತ್ತು, ಉಸಿರು ಬರುತ್ತಿತ್ತು, ಸ್ವರ ಇರಲಿಲ್ಲ. ಮಳೆಗಾಲದ ನೆಗಡಿ ಇರಬೇಕೆಂದು ನಾವು ಬಿಸಿನೀರು, ಮೆಣಸಿನ ಕಷಾಯ ಕೊಟ್ಟೆವು. ವಾರ ಕಳೆದರೂ ದನಿ ಬರಲಿಲ್ಲ. ಪಕ್ಕದ ಮನೆಯ ಮೆಕ್ಯಾನಿಕ್‌ನ ಹೆಂಡತಿ ಜೇಷ್ಠಮಧುವಿನ ಬೇರು ತಂದುಕೊಟ್ಟು, ದರ್ಗಾದಿಂದ ಒಂದು ದಾರವನ್ನೂ ತಂದು ಅತ್ತೆಯ ಕೈಗೆ ಕಟ್ಟಿದಳು. ಉಳಿದ ಹೆಂಗಸರು ನೀರಿನ ನಲ್ಲಿಯ ಹತ್ತಿರ ನನ್ನನ್ನು ನೋಡಿ ನಗುತ್ತಿದ್ದರು. ಇಂಥ ಪುಣ್ಯ ಎಲ್ಲಾ ಸೊಸೆಯಂದಿರಿಗೂ ಸಿಗಬಾರದೇ ಎಂದು ಒಬ್ಬಳು ಕೇಳಿಯೇಬಿಟ್ಟಳು. ನಾನೂ ನಕ್ಕೆ. ಆದರೆ ಈ ನಗು ಇನ್ನೊಂದು ತಿಂಗಳಲ್ಲಿ ಬೇರೆ ಮಾತಾಗಬಹುದು, ಸೊಸೆಯೇ ಏನೋ ಮಾಡಿಸಿದ್ದಾಳೆ ಎನ್ನಬಹುದು ಎಂಬ ಅಳುಕು ಒಳಗೊಳಗೆ ಇತ್ತು.

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಗಂಟಲಿಗೆ ಬ್ಯಾಟರಿ ಹಿಡಿದು ನೋಡಿದರು. ಆಮೇಲೆ ಕೆಮ್ಮಲು ಹೇಳಿದರು. ಅತ್ತೆ ಕೆಮ್ಮಿದರು. ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ತಿರುಗಿ ನೋಡುವಂಥ ಗಟ್ಟಿ ಕೆಮ್ಮು. ಕೆಮ್ಮಿಗೆ ಬರುವ ದನಿ ಮಾತಿಗೆ ಬರುವುದಿಲ್ಲವೆಂದರೆ ಗಂಟಲಿನಲ್ಲಿ ತೊಂದರೆಯಿಲ್ಲ, ಧೈರ್ಯದಿಂದಿರಿ ಎಂದು ಡಾಕ್ಟರು ಕಳಿಸಿಕೊಟ್ಟರು.

ಮನೆಗೆ ಬಂದವಳೇ ಟ್ರಂಕು ತೆಗೆದೆ. ನನ್ನ ಪುಸ್ತಕದಲ್ಲಿ ಹಿಸ್ಟೀರಿಯಾ ಅಧ್ಯಾಯದಲ್ಲಿ ಇದೇ ಇತ್ತು. ಇನ್ನೊಬ್ಬರಿಗೆ ಹೇಳಲಾಗದ, ತನಗೆ ತಾನೇ ಒಪ್ಪಿಕೊಳ್ಳಲಾಗದ ಸಂಗತಿಯನ್ನು ಮನಸ್ಸು ಅರಿವಿನ ಕೆಳಗೆ ಅದುಮಿಡುತ್ತದೆ. ಅದು ಅಲ್ಲಿ ಸುಮ್ಮನಿರದೆ ದೇಹದ ಮೂಲಕ ಹೊರಬರುತ್ತದೆ. ಕೈ ಮರಗಟ್ಟಬಹುದು, ಕಣ್ಣು ಕಾಣದಾಗಬಹುದು, ದನಿ ಹೋಗಬಹುದು. ಇಷ್ಟಾದರೂ ರೋಗಿ ವಿಚಿತ್ರವಾಗಿ ನಿಶ್ಚಿಂತೆಯಿಂದಿರುತ್ತಾನೆ ಎಂದೂ ಬರೆದಿತ್ತು. ನಮ್ಮ ಅತ್ತೆ ಹಾಗೇ ಇದ್ದರು. ದನಿ ಹೋದ ಮೇಲೆ ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡುತ್ತಿದ್ದರು.

ಕಾರಣವನ್ನು ನಾನೇ ಹುಡುಕುತ್ತೇನೆ ಎಂದುಕೊಂಡೆ. ಅತ್ತೆಗೆ ನನ್ನ ಮೇಲೆ ಸಿಟ್ಟಿದೆ, ಅದನ್ನು ನುಂಗಿಕೊಂಡು ದನಿ ಕಟ್ಟಿದೆ ಎಂಬುದು ನನ್ನ ಮೊದಲ ಊಹೆ. ಮನೋವಿಶ್ಲೇಷಣೆ ಎಂದರೆ ರೋಗಿಯನ್ನು ಮಲಗಿಸಿ ಮನಸ್ಸಿಗೆ ಬಂದದ್ದನ್ನೆಲ್ಲ ಮಾತಾಡಿಸುವುದು. ಮಾತೇ ಹೋದವರನ್ನು ಹೇಗೆ ಮಾತಾಡಿಸುವುದು ಎಂದು ಆ ಪುಸ್ತಕದಲ್ಲಿ ನನಗೆ ಸಿಗಲಿಲ್ಲ. ಆದರೂ ಅವರನ್ನು ಚಾಪೆಯ ಮೇಲೆ ಮಲಗಿಸಿ, ಬಾಲ್ಯದ ಬಗ್ಗೆ, ಕನಸಿನ ಬಗ್ಗೆ ಕೇಳತೊಡಗಿದೆ. ಕೈಸನ್ನೆಯಲ್ಲೇ ಹೇಳಿರಿ ಎಂದೆ. ಅವರು ಇದ್ದಕ್ಕಿದ್ದಂತೆ ಎದ್ದು ಕೂತು ಎರಡೂ ಅಂಗೈಯನ್ನು ಜೋರಾಗಿ ಬಡಿದು ನನ್ನ ಕಡೆಗೆ ಬೆರಳು ತೋರಿಸಿದರು. ಅದುಮಿಟ್ಟ ಸಿಟ್ಟು ಹೊರಬಂತು ಎಂದು ನಾನು ಹಿಗ್ಗಿದೆ. ಅಷ್ಟರಲ್ಲಿ ಹೊಗೆಯ ವಾಸನೆ ಬಂತು. ನನ್ನ ಹಿಂದೆ ಹಂಚಿನ ಮೇಲೆ ರೊಟ್ಟಿ ಸುಟ್ಟು ಕರಕಲಾಗಿತ್ತು. ಅತ್ತೆ ದನಿಯಿಲ್ಲದೆಯೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನ್ನ ಮೇಲೆ ಅವರಿಗೆ ಸಿಟ್ಟಿಲ್ಲ ಎಂಬುದು ಅಂದು ಖಾತ್ರಿಯಾಯಿತು.

ನೂಲಹುಣ್ಣಿಮೆ ಹಬ್ಬಕ್ಕೆ ಧಾರವಾಡಕ್ಕೆ, ತವರಿಗೆ ಹೋದೆ. ನನಗೆ ಕಲಿಸಿದ ಪ್ರೊಫೆಸರರ ಮನೆಗೂ ಹೋಗಿ ಎಲ್ಲವನ್ನೂ ಹೇಳಿದೆ. ಅವರು ನನ್ನ ಊಹೆಗಳನ್ನು ತಾಳ್ಮೆಯಿಂದ ಕೇಳಿ, ದನಿ ಹೋಗುವ ಹಿಂದಿನ ದಿನ ಮನೆಯಲ್ಲಿ ಏನಾಯಿತು ಎಂದು ಕೇಳಿದರು. ತಂಗಿ ಬರುವ ಸುದ್ದಿಯ ವಿಷಯ ಹೇಳಿದೆ. ‘ಮೊದಲು ಅದನ್ನ ತಿಳ್ಕೊ,’ ಎಂದರು. ‘ಇನ್ನೊಂದು ಮಾತು. ಆಕಿ ಸೋಗು ಹಾಕ್ಯಾಳ ಅಂತ ತಿಳೀಬ್ಯಾಡ. ಕಾರಣ ಸಿಕ್ಕರೂ ಆಕಿ ಮುಂದ ಒಯ್ದು ಹಿಡೀಬ್ಯಾಡ. ದನಿ ವಾಪಸ್ ಬರಲಿಕ್ಕೆ ಒಂದು ಮರ್ಯಾದಿ ದಾರಿ ಮಾಡಿಕೊಡು, ಸಾಕು.’

ದಾಂಡೇಲಿಗೆ ಮರಳಿ ಗಂಡನನ್ನು ಕೇಳಿದೆ. ಅಕ್ಕತಂಗಿಗೆ ಮಾತಿಲ್ಲ, ಮೂರು ವರ್ಷದ ಹಿಂದೆ ಏನೋ ಆಗಿತ್ತು ಎಂದರು. ಇಷ್ಟು ದೊಡ್ಡ ಸಂಗತಿಯನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ನೀನು ಕೇಳಿದ್ದು ಅವ್ವನ ಬಾಲ್ಯದ ಬಗ್ಗೆ ಅಲ್ಲವೇ ಎಂದು ನನ್ನನ್ನೇ ಕೇಳಿದರು.

ಅತ್ತೆಯ ತಂಗಿ ಅಷ್ಟರಲ್ಲಿ ಹಿಂದಿನ ಓಣಿಗೆ ಬಂದಾಗಿತ್ತು. ನಾನೇ ಹೋಗಿ ಕಂಡೆ. ಅಕ್ಕನ ಮುಖವೇ, ಆದರೆ ಮೆಲುದನಿ. ಅವರೇ ಎಲ್ಲ ಹೇಳಿದರು. ಇಬ್ಬರ ಅವ್ವ ಮುಂಡಗೋಡದಲ್ಲಿ ಈ ತಂಗಿಯ ಮನೆಯಲ್ಲೇ ಒಂದು ಮಳೆಗಾಲ ತೀರಿಕೊಂಡಳಂತೆ. ಅಕ್ಕನಿಗೆ ಸುದ್ದಿ ಮುಟ್ಟಿದ್ದು ತಡ. ಅಕ್ಕ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವ್ವನ ಮುಖ ಕಾಣದ ಅಕ್ಕ ಅಂಗಳದಲ್ಲೇ ನಿಂತು, ಇನ್ನು ನಿನ್ನ ಕೂಡ ಮಾತಾಡಿದರೆ ನನ್ನ ದನಿಯೇ ಬಿದ್ದು ಹೋಗಲಿ ಎಂದು ಆಣೆ ಇಟ್ಟು, ಒಂದು ಗುಟುಕು ನೀರೂ ಕುಡಿಯದೆ ಹೊರಟುಬಿಟ್ಟರಂತೆ.

ನನಗೆ ಎಲ್ಲ ಹೊಳೆಯಿತು. ತಂಗಿ ಹತ್ತಿರ ಬರುತ್ತಾಳೆ. ಮಾತಾಡಬೇಕೆಂಬ ಆಸೆ ಇದೆ, ಆಣೆಯೂ ಇದೆ. ದನಿಯನ್ನೇ ಬಿಟ್ಟುಕೊಟ್ಟು ಎರಡನ್ನೂ ಉಳಿಸಿಕೊಳ್ಳುವ ಉಪಾಯವನ್ನು ಅತ್ತೆಯ ಮನಸ್ಸು ಅತ್ತೆಗೂ ತಿಳಿಯದ ಹಾಗೆ ಹುಡುಕಿಕೊಂಡಿತ್ತು.

‘ನಮ್ಮ ಮನೀಗೆ ಬರ್ರಿ,’ ಎಂದೆ.

‘ನಾ ಬಂದ್ರ ಅಕ್ಕ ಎದ್ದು ಒಳಗ ಹೋಗ್ತಾಳವಾ.’

‘ಅವ್ರಿಗೆ ಮಾತಾಡಾಕ ಬರೂದಿಲ್ಲ. ನೀವು ಮಾತಾಡ್ರಿ, ಅವ್ರು ಕೇಳ್ತಾರ. ಆಣಿ ಏನೂ ಮುರಿಯೂದಿಲ್ಲ.’

ಮರುದಿನ ಮಧ್ಯಾಹ್ನ ಅವರು ಬಂದರು. ಅತ್ತೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ತಲೆ ಎತ್ತಲಿಲ್ಲ, ಎದ್ದು ಹೋಗಲೂ ಇಲ್ಲ. ತುಸು ಹೊತ್ತಿನ ಮೇಲೆ ಮೊರವನ್ನು ನಡುವೆ ಸರಿಸಿದರು. ತಂಗಿ ಕೂತು ಕಲ್ಲು ಆರಿಸತೊಡಗಿದರು. ಅಂದಿನಿಂದ ಅದೇ ರೂಢಿಯಾಯಿತು. ತಂಗಿ ಬಂದು ಮುಂಡಗೋಡದ ಸುದ್ದಿ, ಮಕ್ಕಳ ಸುದ್ದಿ ಹೇಳುವುದು, ಅತ್ತೆ ಕೇಳುವುದು. ಈ ನಡುವೆ ನಾನು ಬೆಳಿಗ್ಗೆ ಅತ್ತೆಯಿಂದ ದನಿಯ ಸಾಧನೆ ಮಾಡಿಸುತ್ತಿದ್ದೆ. ಗಂಟಲಿನ ನರ ದಣಿದಿದೆ, ಮೆಲ್ಲಗೆ ಪಳಗಿಸಬೇಕು ಎಂದು ಹೇಳಿದ್ದೆ. ಮೊದಲು ಕೆಮ್ಮು, ಕೆಮ್ಮಿನ ಕೊನೆಯನ್ನು ಎಳೆದು ಬಾಯಿ ಮುಚ್ಚಿ ‘ಹ್ಞೂಂ’ ಎನ್ನುವುದು. ಕೆಲವು ದಿನಗಳಲ್ಲಿ ಆ ‘ಹ್ಞೂಂ’ ಬಂತು. ತಂಗಿಯ ಮಾತಿಗೆ ಅತ್ತೆ ‘ಹ್ಞೂಂ’ಗುಟ್ಟತೊಡಗಿದರು. ಅದು ಮಾತಲ್ಲವಲ್ಲ, ಆಣೆಗೆ ಬಾಧೆಯಿಲ್ಲ.

ಒಂದು ಮಧ್ಯಾಹ್ನ ತಂಗಿ ನನಗೆ ತಮ್ಮ ಅವ್ವನ ಕತೆ ಹೇಳುತ್ತಿದ್ದರು. ಹಬ್ಬದ ದಿನ ಹೊಸ ಇಳಕಲ್ ಸೀರೆ ಉಟ್ಟ ಅವ್ವ ಎಮ್ಮೆಯನ್ನು ಕೆರೆಯಿಂದ ಎಬ್ಬಿಸಲು ಹೋಗಿ ತಾನೇ ಕೆಸರಲ್ಲಿ ಕೂತಳಂತೆ. ಅಕ್ಕ ಕೈ ಹಿಡಿದು ಎಳೆದು ದಂಡೆಗೆ ತಂದಳಂತೆ.

‘ಹಂಗಲ್ಲ ಅದು,’ ಎಂದರು ಅತ್ತೆ. ‘ಎಳದಾಕಿ ನೀನ. ನಾ ದಂಡಿ ಮ್ಯಾಲ ನಿಂತು ನಗಾಕ ಹತ್ತಿದ್ದೆ.’

ದನಿ ಒರಟಾಗಿತ್ತು, ಆದರೆ ತುಂಬು ದನಿ. ತಂಗಿಯ ಕೈ ಅಕ್ಕಿಯಲ್ಲೇ ನಿಂತಿತು. ಅತ್ತೆ ತಮ್ಮ ದನಿಗೆ ತಾವೇ ಬೆರಗಾದವರಂತೆ ಗಂಟಲು ಮುಟ್ಟಿ ನೋಡಿಕೊಂಡರು. ಆಮೇಲೆ ತಂಗಿಯನ್ನು ನೇರವಾಗಿ ನೋಡಿ ಕೇಳಿದರು.

‘ಸುದ್ದಿ ಯಾಕ ತಡಾ ಮಾಡಿ ಕಳಿಸಿದಿ?’

‘ಅವತ್ತ ಕಳಿಸಿದ್ನಿ ಅಕ್ಕಾ. ಹಳ್ಳ ತುಂಬಿತ್ತು. ಹೋದಾಂವ ನೀರು ಇಳಿಯೂತನಕಾ ಆ ದಂಡ್ಯಾಗ ಕುಂತಿದ್ದ. ನೀ ನನಗ ಹೇಳಾಕ ಎಲ್ಲಿ ಬಿಟ್ಟಿ?’

ಅತ್ತೆ ಅತ್ತರು. ತಂಗಿಯೂ ಅತ್ತರು. ನಾನು ಚಹಾ ಮಾಡುವ ನೆವದಿಂದ ಎದ್ದು ಹೋದೆ. ಚಹಾ ತರುವಷ್ಟರಲ್ಲಿ ಇಬ್ಬರೂ ಆ ಎಮ್ಮೆಗೆ ಕೊಂಬು ನೆಟ್ಟಗಿತ್ತೋ ಡೊಂಕಿತ್ತೋ ಎಂದು ವಾದ ಮಾಡುತ್ತಿದ್ದರು.

ದನಿ ಹೇಗೆ ಬಂತು ಎಂದು ಓಣಿಯವರು ಕೇಳಿದಾಗ ಅತ್ತೆ ಜೇಷ್ಠಮಧುವಿನ ಹೆಸರು ಹೇಳಿದರು, ದಾರದ ಹೆಸರು ಹೇಳಿದರು, ನನ್ನ ಕೆಮ್ಮಿನ ಸಾಧನೆಯನ್ನೂ ಸೇರಿಸಿದರು. ಆಣೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪ್ರೊಫೆಸರರಿಗೆ ಈ ವಿಷಯ ಹೇಳಿದಾಗ ಅವರು ಸಿದ್ಧಾಂತದ ಬಗ್ಗೆ ಏನೂ ಕೇಳಲಿಲ್ಲ. ಅಕ್ಕತಂಗಿ ಈಗಲೂ ದಿನಾ ಕೂಡುತ್ತಾರೆಯೇ ಎಂದಷ್ಟೇ ಕೇಳಿದರು. ಕೂಡುತ್ತಾರೆ, ದಿನಾ ಜಗಳವೂ ಆಡುತ್ತಾರೆ ಎಂದೆ. ಹಾಗಾದರೆ ಪೂರಾ ಗುಣವಾಗಿದೆ ಎಂದರು.

ಮುಂದಿನ ವರ್ಷ ನಾನು ಎಂ.ಎ. ಓದಲು ಧಾರವಾಡಕ್ಕೆ ಹೋಗುತ್ತೇನೆ ಎಂದಾಗ ನನ್ನ ಗಂಡ ಊಟದ ವ್ಯವಸ್ಥೆ ಹೇಗೆ ಎಂದು ಅನುಮಾನಿಸಿದರು. ಅತ್ತೆ ಅವರ ಮಾತು ಮುಗಿಯಲು ಬಿಡಲಿಲ್ಲ. ತಾವು ಮತ್ತು ತಂಗಿ ಇಬ್ಬರೂ ಇದ್ದೇವೆ, ಅವಳು ಹೋಗಿ ಓದಲಿ ಎಂದರು. ನಾನು ಹೊರಟ ಸೋಮವಾರ ಬೆಳಿಗ್ಗೆ ಧಾರವಾಡದ ದಾರಿಯ ಅಳ್ನಾವರದ ಗಾಡಿ ಹತ್ತಿಸಲು ಅಕ್ಕತಂಗಿ ಇಬ್ಬರೂ ಸ್ಟೇಷನ್ನಿಗೆ ಬಂದರು. ನನ್ನ ಬುತ್ತಿಗೆ ಶೇಂಗಾ ಚಟ್ನಿ ಹೆಚ್ಚು ಕಟ್ಟಿದವರು ಯಾರು ಎಂದು ವಾದಿಸುತ್ತ, ಗಾಡಿ ಬಿಟ್ಟದ್ದನ್ನೂ ಗಮನಿಸದೆ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದರು.