ಗೋಲ್‌ಕೀಪರ್ ಕಚ್ಚಿಟ್ಟ ರೊಟ್ಟಿ

ಆ ವಾರ ಅಕ್‌ಬುಲಾಕ್ ಊರಿಗೆ ಊರೇ ನಗುನಗುತ್ತಾ ಓಡಾಡುತ್ತಿತ್ತು. ಎರ್ಗಾಶ್ ಉಸ್ತಾನಿಗೆ ಮೊದಲ ಅನುಮಾನ ಹುಟ್ಟಿದ್ದೇ ಅದರಿಂದ. ಭಾನುವಾರ ಪ್ಲೇಆಫ್ ಪಂದ್ಯ. ಎದುರಾಳಿ ಬೇರೆ ಯಾರೂ ಅಲ್ಲ, ಕಾಲುವೆಯ ಆಚೆ ದಡದ ಕುಮ್‌ತೆಪಾ. ಗೆದ್ದವರು ಮೇಲಿನ ಲೀಗ್‌ಗೆ ಹೋಗುತ್ತಾರೆ. ಸೋತವರಿಗೆ ಮತ್ತೆ ಅದೇ ಧೂಳು, ಅದೇ ಮುರುಕು ಬಸ್ಸು. ಇಂಥ ಪಂದ್ಯ ಎದುರಿಗಿರುವಾಗ ಕಸಾಯಿಯವನೂ ನಗುತ್ತಾನೆ, ಪೊಲೀಸಿನವನೂ ನಗುತ್ತಾನೆ, ಈ ಸಲ ನಮ್ಮದೇ ಎಂದು ಬಂದು ಭುಜ ತಟ್ಟುತ್ತಾನೆ ಎಂದರೆ ಎಲ್ಲೋ ಏನೋ ನಡೆದಿದೆ ಎಂದೇ ಉಸ್ತಾನ ಲೆಕ್ಕ.

ಉಸ್ತಾ ಎಂದು ಊರು ಕರೆಯುತ್ತಿದ್ದುದು ಅವನ ಕೈಗೆಲಸಕ್ಕೆ. ಬಜಾರಿನ ಮೂಲೆಯ ಅವನ ತಂದೂರಿನಿಂದ ಎದ್ದು ಬಂದ ರೊಟ್ಟಿಯನ್ನು ತಿನ್ನದೆ ಬೆಳೆದವರು ಅಕ್‌ಬುಲಾಕ್‌ನಲ್ಲಿ ಕಡಿಮೆ. ಒಲೆಯ ಬಾಯಿಗೆ ಕೈ ಹಾಕಿ ಹಾಕಿ ಮುಂಗೈ ಮೇಲೆ ಒಂದು ಕೂದಲೂ ಉಳಿದಿರಲಿಲ್ಲ. ಗಿರಣಿಯವನು ಹಿಟ್ಟಿಗೆ ಏನು ಬೆರೆಸಿದ್ದಾನೆ ಎಂಬ ಅನುಮಾನದಿಂದ ಅವನ ದಿನ ಶುರುವಾಗುತ್ತಿತ್ತು. ರೇಡಿಯೋದವರು ಮಳೆಯ ವಿಷಯ ಯಾಕೆ ಮುಚ್ಚಿಟ್ಟರು ಎಂಬಲ್ಲಿಗೆ ಮುಗಿಯುತ್ತಿತ್ತು. ಸುಮ್ಮನೆ ಬಂದ ಗುಣವಲ್ಲ ಅದು. ಮೀಸೆ ಚಿಗುರುವ ವಯಸ್ಸಿನಲ್ಲಿ ಅವನು ನೋಡಿದ ಕಪ್ ಪಂದ್ಯದಲ್ಲಿ, ಇನ್ನೇನು ಆಟ ಮುಗಿಯಬೇಕು ಎನ್ನುವಾಗ ರೆಫರಿ ಕುಮ್‌ತೆಪಾಕ್ಕೆ ಪೆನಾಲ್ಟಿ ಕೊಟ್ಟಿದ್ದ. ಅದೇ ಸಂಜೆ ಆ ರೆಫರಿ ಕುಮ್‌ತೆಪಾದ ಚಹಾದಂಗಡಿಯಲ್ಲಿ ಕೂತು ಪುಲಾವ್ ತಿನ್ನುತ್ತಿದ್ದುದನ್ನು ಎರ್ಗಾಶ್ ಕಣ್ಣಾರೆ ಕಂಡಿದ್ದ. ರೆಫರಿಗೂ ಹೊಟ್ಟೆ ಅಂತ ಒಂದು ಇರತ್ತಲ್ಲಾರೀ ಎಂದು ಹೆಂಡತಿ ರಾಬಿಯಾ ಎಷ್ಟು ಸಲ ಹೇಳಿದರೂ ಅವನು ಒಪ್ಪಲಿಲ್ಲ. ಅಂದಿನಿಂದ ಮೈದಾನದಲ್ಲಿ ಜನ ಚೆಂಡು ನೋಡಿದರೆ ಅವನು ರೆಫರಿಯನ್ನು ನೋಡುತ್ತಿದ್ದ.

ಇಷ್ಟೆಲ್ಲ ಅನುಮಾನದ ಅಡಿಯಲ್ಲಿ ಅವನಿಗೆ ಒಂದು ಆಸೆ ಇತ್ತು. ಬಾಯಿ ಬಿಟ್ಟರೆ ದೃಷ್ಟಿ ತಾಗೀತೆಂದು ಹೆಂಡತಿಗೂ ಹೇಳಿರಲಿಲ್ಲ. ಕಣ್ಣು ಮುಚ್ಚುವುದರೊಳಗೆ ಒಮ್ಮೆ ಅಕ್‌ಬುಲಾಕ್ ಮೇಲಿನ ಲೀಗ್‌ನಲ್ಲಿ ಆಡುವುದನ್ನು ನೋಡಬೇಕು, ಅಷ್ಟೇ. ಆ ಆಸೆಯ ಭಾರವನ್ನೆಲ್ಲ ಅವನು ಹೊರಿಸಿದ್ದು ದಾನಿಯಾರ್ ಎಂಬ ಒಬ್ಬ ಹುಡುಗನ ಮೇಲೆ. ದಾನಿಯಾರ್ ಅದೇ ಓಣಿಯವನು. ಎರಡು ಚಪ್ಪಲಿಗಳನ್ನು ಗೋಲುಕಂಬ ಮಾಡಿಕೊಂಡು ಮಣ್ಣಿನಲ್ಲಿ ಹಾರಿ ಬೀಳುತ್ತಿದ್ದವನು ಈಗ ಊರಿನ ತಂಡದ ಗೋಲ್‌ಕೀಪರ್. ಅವನ ಕೈ ದಾಟಿ ಚೆಂಡು ಒಳಹೋಗುವುದು ಈಚೆಗೆ ಅಪರೂಪವಾಗಿತ್ತು.

ಮನೆಯ ಮಗ ಸೈನ್ಯಕ್ಕೆ ಹೊರಟಾಗ ಒಂದು ರೊಟ್ಟಿಯನ್ನು ಕಚ್ಚಿಸಿ, ಉಳಿದದ್ದನ್ನು ಗೋಡೆಗೆ ತೂಗುಹಾಕುವುದು ಆ ಕಡೆಯ ಎಲ್ಲ ಮನೆಗಳಲ್ಲಿ ಇದ್ದದ್ದೇ. ತನ್ನ ಪಾಲಿನ ಅನ್ನ ಮನೆಯಲ್ಲಿದೆ ಎಂದು ಅವನು ಹಿಂದಿರುಗಿ ಬಂದು ಅದನ್ನು ತಿನ್ನಬೇಕು. ಎರ್ಗಾಶ್ ಇದನ್ನು ಗೋಲ್‌ಕೀಪರಿಗೂ ಹಚ್ಚಿದ್ದ. ಪ್ರತಿ ಪಂದ್ಯದ ಬೆಳಿಗ್ಗೆ ದಾನಿಯಾರ್ ಅಂಗಡಿಗೆ ಬಂದು ಬಿಸಿ ರೊಟ್ಟಿ ಒಂದು ಕಡೆ ಕಚ್ಚಿ ಹೋಗುತ್ತಿದ್ದ. ಉಳಿದದ್ದು ತಂದೂರಿನ ಪಕ್ಕದ ಮೊಳೆಗೆ ಏರುತ್ತಿತ್ತು. ಗೆದ್ದು ಬಂದ ಹುಡುಗ ಆ ಒಣಗಿದ ರೊಟ್ಟಿಯನ್ನು ಚಹಾಕ್ಕೆ ಅದ್ದಿ ತಿನ್ನುವುದನ್ನು ನೋಡುತ್ತಾ ಕೂರುವಾಗ ಮಾತ್ರ ಉಸ್ತಾನಿಗೆ ಯಾರ ಮೇಲೂ ಅನುಮಾನ ಬರುತ್ತಿರಲಿಲ್ಲ.

ಪಂದ್ಯದ ವಾರ ದಾನಿಯಾರನ ತಾಯಿ ಸಾಜಿದಾ ರೊಟ್ಟಿಗೆ ಬರುವುದನ್ನು ನಿಲ್ಲಿಸಿದಳು. ಮೈ ಸರಿಯಿಲ್ಲವೇನೋ ಎಂದುಕೊಂಡ. ಆದರೆ ಬುಧವಾರ ಬಜಾರಿನ ಆ ತುದಿಯಲ್ಲಿ, ಅವನು ಜನ್ಮದಲ್ಲಿ ಕಾಲಿಡದ ಇನ್ನೊಂದು ರೊಟ್ಟಿಯಂಗಡಿಯಿಂದ ಆಕೆ ದೊಡ್ಡ ಬಿಳಿಯ ಗಂಟು ಹೊತ್ತು ಹೊರಬರುವುದು ಕಂಡಿತು. ಬೆಣ್ಣೆ ಹಾಕಿ ಪದರ ಪದರವಾಗಿ ಸುಟ್ಟ ಹಬ್ಬದ ರೊಟ್ಟಿಯ ಘಮ ಅಷ್ಟು ದೂರಕ್ಕೂ ಬಡಿಯಿತು. ಇಷ್ಟು ವರ್ಷ ತನ್ನ ಕೈರೊಟ್ಟಿ ತಿಂದವರು ಕದ್ದುಮುಚ್ಚಿ ಬೇರೆ ಕಡೆ ಕೊಳ್ಳುವುದೆಂದರೇನು? ನಿಮ್ಮ ಪ್ರಶ್ನೆಗಳಿಗೆ ಹೆದರಿ ಹೋಗಿರ್ತಾಳೆ ಬಿಡಿ ಎಂದಳು ರಾಬಿಯಾ. ಅದು ಪೂರ್ತಿ ನಿಜವಾಗಿತ್ತು. ಆದರೆ ಅವನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಓಣಿಯ ತಿರುವಿನಲ್ಲಿ ಒಂದು ಬಿಳಿ ಕಾರು ನಿಂತಿತು. ದಾನಿಯಾರ್ ಅದರಿಂದ ಇಳಿದ, ಹೊಸ ಅಂಗಿ, ಮಿಂಚುವ ಬೂಟು. ಕಾರಿನ ಕನ್ನಡಿಗೆ ನೀಲಿ ಪಟ್ಟಿ ಕಟ್ಟಿತ್ತು. ನೀಲಿ ಎಂದರೆ ಕುಮ್‌ತೆಪಾ. ಕಾರಿನವನು ಇಳಿದು ಹುಡುಗನನ್ನು ತಬ್ಬಿಕೊಂಡು, ಎದೆಯ ಮೇಲೆ ಕೈಯಿಟ್ಟು ಬಾಗಿ ಹೋದ. ಹಿಟ್ಟಿನ ಚೀಲದ ಮರೆಯಲ್ಲಿ ನಿಂತು ಎರ್ಗಾಶ್ ಇದಿಷ್ಟನ್ನೂ ನೋಡಿದ.

ಶುಕ್ರವಾರ ತಡೆಯಲಾಗದೆ, ರೊಟ್ಟಿ ಕೊಡುವ ನೆಪ ಮಾಡಿಕೊಂಡು ಅವರ ಮನೆಗೇ ಹೋದ. ಸಾಜಿದಾ ಬಾಗಿಲಿಗೆ ಅಡ್ಡ ನಿಂತಳು. ಆರೋಗ್ಯ ವಿಚಾರಿಸಿದಳು, ಮಕ್ಕಳನ್ನು ವಿಚಾರಿಸಿದಳು, ಆದರೆ ಒಳಗೆ ಬನ್ನಿ ಎನ್ನಲಿಲ್ಲ, ಚಹಾ ಎನ್ನಲಿಲ್ಲ. ಆ ಓಣಿಯಲ್ಲಿ ಹಾಗೆ ಮಾಡುವುದು ಮುಖಕ್ಕೆ ಹೊಡೆದ ಹಾಗೆ. ಅವಳ ಹೆಗಲ ಮೇಲಿಂದ ಅಂಗಳದ ಜಗಲಿ ಕಾಣುತ್ತಿತ್ತು. ಹಾಸಿದ ಬಟ್ಟೆಯ ಮೂಲೆ ಮಡಚಿಕೊಂಡಿತ್ತು. ಅದರಡಿಯಲ್ಲಿ ಸರಿಯಾಗಿ ನಡುವೆ ಮುರಿದ ಅರ್ಧ ರೊಟ್ಟಿ. ಪ್ರತಿ ರೊಟ್ಟಿಯವನೂ ಹಿಟ್ಟಿನ ನಡುವೆ ತನ್ನದೇ ಮುಳ್ಳಿನ ಅಚ್ಚು ಒತ್ತುತ್ತಾನೆ. ಎರ್ಗಾಶ್ ಸುತ್ತಲ ಊರುಗಳ ಅಚ್ಚುಗಳನ್ನೆಲ್ಲ ಬಲ್ಲವನು. ಜೋಡಿ ಸುತ್ತಿನ ಈ ಹೂವು ಕುಮ್‌ತೆಪಾದ್ದೇ.

ಕುಮ್‌ತೆಪಾದ ಮನೆಯಿಂದ ಬಂದ ಮುರಿದ ರೊಟ್ಟಿಯನ್ನು, ಹೊಸ ಅಂಗಿ ತೊಟ್ಟ ಮದುವೆ ವಯಸ್ಸಿನ ಹುಡುಗನ ಮನೆಯಲ್ಲಿ ಕಂಡರೆ, ಅಕ್‌ಬುಲಾಕ್‌ನ ಬೇರೆ ಯಾರೇ ಆಗಿದ್ದರೂ ಮೊದಲು ಕೇಳುತ್ತಿದ್ದುದು ಹುಡುಗಿ ಯಾರು ಎಂದು. ಸಂಬಂಧ ಗಟ್ಟಿಯಾಯಿತೆಂದು ಎರಡು ಮನೆಯ ಹಿರಿಯರು ರೊಟ್ಟಿ ಮುರಿಯುವುದನ್ನು ಎರ್ಗಾಶ್ ಎಷ್ಟೋ ಸಲ ನೋಡಿದ್ದ, ಅದಕ್ಕೆ ರೊಟ್ಟಿಯನ್ನೂ ಸುಟ್ಟುಕೊಟ್ಟಿದ್ದ. ಆದರೆ ಅವನ ತಲೆಯಲ್ಲಿ ಆಗ ಭಾನುವಾರ ಬಿಟ್ಟು ಬೇರೇನೂ ಇರಲಿಲ್ಲ. ಒಪ್ಪಂದ ಆಗಿಹೋಗಿದೆ, ಹುಡುಗ ಮಾರಿಕೊಂಡಿದ್ದಾನೆ, ಎಷ್ಟಕ್ಕೆ ಎಂಬುದೊಂದೇ ಬಾಕಿ ಎಂದುಕೊಂಡು ಮನೆ ಕಡೆ ನಡೆದ. ದಾರಿಯಲ್ಲಿ ಅವನ ಕಣ್ಣು ತುಂಬಿ ಬಂತು. ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು, ಸ್ವಂತ ಮಗ ಮೋಸ ಮಾಡಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಇದನ್ನು ರಾಬಿಯಾಗೆ ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಿದ್ದು ಕ್ಷೌರದ ಕಾಮಿಲ್‌ಗೆ. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು, ಅಂದರೆ ಒಂದೇ ಬೆಂಚಿನಲ್ಲಿ ಕೂತು ಓದದೆ ಇದ್ದವರು. ಎರ್ಗಾಶ್ ರೊಟ್ಟಿಯ ವಿಷಯ ಎತ್ತಲಿಲ್ಲ. ತಾನು ಮನೆ ಇಣುಕಿದ್ದು ಹೇಳಲು ನಾಚಿಕೆ. ಬಿಳಿ ಕಾರು, ನೀಲಿ ಪಟ್ಟಿ, ಹೊಸ ಬೂಟು, ಇಷ್ಟನ್ನೇ ಹೇಳಿದ.

"ನಿನ್ ಹೊಟ್ಟೇಲೇ ಇರಲಿ ಕಣೋ," ಎಂದ ಕೊನೆಗೆ. "ನಾನೂ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾ ಇರ್ತೀನಿ."

"ನನ್ ಬಾಯಿಂದ ಹೊರಗೆ ಹೋದ ಮಾತು ಯಾವುದಾದ್ರೂ ಇದೆಯೇನೋ?" ಎಂದ ಕಾಮಿಲ್, ಕತ್ತರಿ ಒರೆಸುತ್ತಾ.

ಅವನ ಕುರ್ಚಿಯಲ್ಲಿ ಶನಿವಾರ ಸಂಜೆ ಗಡ್ಡ ಕೆರೆಸಿಕೊಳ್ಳಲು ಕೂತವನು ತಂಡದ ಕೋಚ್.

ಭಾನುವಾರ ಬೆಳಿಗ್ಗೆ ದಾನಿಯಾರ್ ರೊಟ್ಟಿ ಕಚ್ಚಲು ಬರಲಿಲ್ಲ. ಎರ್ಗಾಶ್ ಒಂದು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಬಿಸಿಯಾಗಿಟ್ಟುಕೊಂಡು ಕಾದ. ಮನಸ್ಸಾಕ್ಷಿ ಇದ್ದವನು ಬರುತ್ತಾನೆ, ಇಲ್ಲದವನು ಹೇಗೆ ಬಂದಾನು ಎಂದು ತನ್ನಷ್ಟಕ್ಕೆ ಗೊಣಗಿದ. ಅಷ್ಟರಲ್ಲಿ ರಾಬಿಯಾ ಓಣಿಯಿಂದ ಬಂದಳು, ಕೈಯಲ್ಲಿ ತಟ್ಟೆ. ತಟ್ಟೆಯ ತುಂಬ ಮಿಠಾಯಿ, ಬಾದಾಮಿ, ಬೆಣ್ಣೆರೊಟ್ಟಿಯ ತುಂಡು. ಮುಖ ಅರಳಿತ್ತು.

"ಸಾಜಿದಾ ಕಳಿಸಿದ್ದು. ದಾನಿಯಾರ್‌ಗೆ ಹೆಣ್ಣು ಗಟ್ಟಿ ಆಯ್ತಂತೆ ಕಣ್ರೀ, ಕುಮ್‌ತೆಪಾದ ಹುಡುಗಿ. ಪಂದ್ಯ ಮುಗಿಯೋ ತನಕ ಯಾರಿಗೂ ಹೇಳೋದು ಬೇಡ ಅಂತ ಮುಚ್ಚಿಟ್ಟಿದ್ರಂತೆ. ಒಂದು ಗೋಲು ಹೋದ್ರೂ ಮಾವನ ಮನೆಗೆ ಉಡುಗೊರೆ ಕೊಟ್ಟ ಅಂತಾರಲ್ಲ ನಿಮ್ಮಂಥೋರು. ಅದಕ್ಕೇ ರೊಟ್ಟೀನೂ ಆ ತುದೀಲಿ ಕೊಂಡ್ಕೊಂಡಿದ್ದು. ಆದ್ರೆ ಮದುವೆಗೆ ಎಲ್ಲಾ ರೊಟ್ಟಿ ನಮ್ ಉಸ್ತಾನೇ ಸುಡಬೇಕು ಅಂದ್ಲು. ಹೊಟ್ಟೇಲಿ ಇಟ್ಕೊಳ್ಳೋಕಾಗ್ದೆ ನನ್ನ ಹತ್ರ ಅಂದಿದ್ದು ಇವತ್ತು. ನೀವು ಸುಮ್ನಿರಬೇಕು, ಆಯ್ತಾ?"

ಹುಡುಗಿಯ ತಂದೆ ಭಾನುವಾರ ಒಂದೇ ಒಂದು ಗೋಲು ಬಿಟ್ಟುಕೊಡಪ್ಪಾ, ಊರಲ್ಲಿ ನನ್ನ ಮಾನ ಉಳಿಯುತ್ತದೆ ಎಂದು ತಮಾಷೆ ಮಾಡಿದನಂತೆ. ಮಗಳನ್ನ ಕೊಡದೇ ಇದ್ರೂ ಸರಿ, ಗೋಲು ಮಾತ್ರ ಕೇಳ್ಬೇಡಿ ಎಂದನಂತೆ ದಾನಿಯಾರ್. ರಾಬಿಯಾ ಇದನ್ನು ಹೇಳಿ ಹೇಳಿ ನಕ್ಕಳು. ಗಂಡನ ಮುಖ ಸುಣ್ಣ ಬಳಿದಂತೆ ಆದದ್ದನ್ನು ಅವಳು ನೋಡುವಷ್ಟರಲ್ಲಿ ಅವನು ಬಟ್ಟೆಯ ಗಂಟು ಕಂಕುಳಲ್ಲಿ ಇರುಕಿಕೊಂಡು ಅಂಗಡಿ ಇಳಿದಾಗಿತ್ತು.

ಮೊದಲು ಕಾಮಿಲ್‌ನ ಅಂಗಡಿಗೆ ಓಡಿದ. ಬಾಗಿಲು ಹಾಕಿತ್ತು. ಕ್ರೀಡಾಂಗಣದ ಗೇಟಿನಲ್ಲಿ ಅವನು ಸಿಕ್ಕ, ಅಕ್‌ಬುಲಾಕ್ ತಂಡದ ಹಸಿರು ಪಟ್ಟಿ ಕೊರಳಿಗೆ ಸುತ್ತಿಕೊಂಡು ಸೂರ್ಯಕಾಂತಿ ಬೀಜ ಜಗಿಯುತ್ತಿದ್ದ. ಕೋಚ್‌ಗೆ ಏನಾದರೂ ಹೇಳಿದೆಯಾ ಎಂದು ಎರ್ಗಾಶ್ ಕೇಳಿದ. ಕಾಮಿಲ್ ಬೀಜದ ಸಿಪ್ಪೆ ಉಗುಳಿ, ತಾನೇನೂ ಹೇಳಲಿಲ್ಲವೆಂದೂ, ನಿಮ್ಮ ಗೋಲ್‌ಕೀಪರನ್ನ ನೀಲಿ ಪಟ್ಟಿ ಕಾರಲ್ಲಿ ಯಾರು ತಂದು ಬಿಡ್ತಾರೆ ಅಂತ ನಿಮಗೆ ಗೊತ್ತಿರಬೇಕಲ್ಲ ಎಂದು ಕೇಳಿದ್ದಷ್ಟೇ ಎಂದೂ ಹೇಳಿದ. ಊರಿನ ಒಳ್ಳೆಯದಕ್ಕೆ ತಾನೇ ಎಂದ.

ಒಳಗೆ ಉದ್ದನೆಯ ಕಾರ್ನಾಯ್ ಕಹಳೆಗಳು ಎದೆ ನಡುಗುವಂತೆ ಮೊಳಗುತ್ತಿದ್ದವು. ಎರ್ಗಾಶ್ ಮೆಟ್ಟಿಲು ಹತ್ತುತ್ತಿದ್ದ ಹಾಗೆಯೇ ಧ್ವನಿವರ್ಧಕದವನು ಆಟಗಾರರ ಹೆಸರು ಕೂಗಲು ಶುರುಮಾಡಿದ. ಮೊದಲ ಹೆಸರು ಗೋಲ್‌ಕೀಪರನದು. ಅದು ದಾನಿಯಾರ್ ಆಗಿರಲಿಲ್ಲ. ಈ ವರ್ಷ ಒಂದು ಪಂದ್ಯವನ್ನೂ ಆಡದ, ಚೆಂಡು ಬಂದರೆ ಕಣ್ಣು ಮುಚ್ಚಿಕೊಳ್ಳುವ ಪೈಕಿಯ ಎರಡನೇ ಕೀಪರನ ಹೆಸರು. ಹಸಿರು ಪಟ್ಟಿಗಳ ಸಾಲಿನಲ್ಲಿ ಗುಜುಗುಜು ಎದ್ದಿತು. ಎದುರಿನ ನೀಲಿ ಮೂಲೆಯಿಂದ ಕೇಕೆ ಬಂತು.

ದಾನಿಯಾರ್ ಬದಲಿ ಆಟಗಾರರ ಬೆಂಚಿನ ತುದಿಯಲ್ಲಿ ಕೂತಿದ್ದ. ಎರ್ಗಾಶ್ ಜನರನ್ನು ನೂಕಿಕೊಂಡು ಹೋಗಿ ತಂತಿಬೇಲಿಗೆ ಆತುಕೊಂಡು ಕರೆದ. ಹುಡುಗ ಎದ್ದು ಬಂದ. ಕಣ್ಣು ಕೆಂಪಾಗಿತ್ತು, ಆದರೂ ಎದೆಯ ಮೇಲೆ ಕೈಯಿಟ್ಟು ಸಲಾಮು ಹೇಳುವುದನ್ನು ಮರೆಯಲಿಲ್ಲ.

"ಬೆಳಿಗ್ಗೆ ಬರೋಕಾಗಲಿಲ್ಲ ಉಸ್ತಾ. ಕೋಚ್ ಬೇಗ ಕರೆಸಿದ್ರು. ಇವತ್ತು ನೀನು ಕೂತ್ಕೋ ಅಂದ್ರು, ಮುಖ ಕೂಡ ನೋಡಲಿಲ್ಲ. ಯಾರೋ ನನ್ ಮೇಲೆ ಏನೋ ಹೇಳಿದ್ದಾರೆ."

ಎರ್ಗಾಶ್ ಗಂಟು ಬಿಚ್ಚಿ ರೊಟ್ಟಿಯನ್ನು ಬೇಲಿಯ ಸಂದಿಯಿಂದ ಚಾಚಿದ. ಅದು ಆಗಲೇ ತಣ್ಣಗಾಗಿತ್ತು. ದಾನಿಯಾರ್ ಎಂದಿನಂತೆ ಒಂದು ಅಂಚು ಕಚ್ಚಿ, ಅಗಿದು ನುಂಗಿ, ಉಳಿದದ್ದನ್ನು ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟ.

"ಮೊಳೆಗೆ ಹಾಕಿಡಿ, ಆಡದೇ ಇದ್ರೂ ಬಂದು ತಿಂತೀನಿ," ಎಂದ. ಆಮೇಲೆ ದನಿ ತಗ್ಗಿಸಿದ. "ನಿಮ್ ಅಂಗಡಿಗೆ ಊರೇ ಬರತ್ತೆ. ಇದನ್ನ ಹೇಳಿದ್ದು ಯಾರು ಅಂತ ಸ್ವಲ್ಪ ವಿಚಾರಿಸಿ ಉಸ್ತಾ. ನಿಮ್ಮನ್ನ ಬಿಟ್ರೆ ನನಗೆ ಈಗ ಯಾರ ಮೇಲೂ ನಂಬಿಕೆ ಇಲ್ಲ."

"ಆಯ್ತಪ್ಪ," ಎಂದ ಎರ್ಗಾಶ್. "ವಿಚಾರಿಸ್ತೀನಿ."

ರೆಫರಿ ಸೀಟಿ ಊದಿದ. ಹುಡುಗ ಬೆಂಚಿಗೆ ಹಿಂದಿರುಗಿದ. ಎರ್ಗಾಶ್ ತನ್ನ ಜಾಗಕ್ಕೆ ಬಂದು ಕಚ್ಚಿದ ರೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಪಕ್ಕದ ಮುದುಕ ಬೀಜದ ಪೊಟ್ಟಣ ಮುಂದೆ ಹಿಡಿದು, ನಮ್ಮ ಹುಡುಗನ ಹೊಟ್ಟೆ ಮೇಲೆ ಹೊಡೆದವನು ಯಾವನೋ, ಸಿಕ್ಕರೆ ಚರ್ಮ ಸುಲೀಬೇಕು ಎಂದ. ಎರ್ಗಾಶ್ ತಿರುಗಿ ಆ ಮುದುಕನ ಮುಖವನ್ನು ಎವೆಯಿಕ್ಕದೆ ನೋಡಿದ. ಇವನಿಗೆ ಗೊತ್ತಿದ್ದೇ ಹೇಳುತ್ತಿದ್ದಾನೆಯೇ? ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು, ಅಲ್ಲಿಗೂ ತಿರುಗಿದ. ಕಸಾಯಿಯವನು ದೂರದಿಂದ ಕೈ ಬೀಸಿದ, ಯಾಕೆ ಬೀಸಿದ ಎಂದುಕೊಂಡ.

ಅಕ್‌ಬುಲಾಕ್ ಅಷ್ಟೂ ಎದ್ದು ನಿಂತು ಎರಡನೇ ಕೀಪರನ ಕಡೆಗೆ ಹಾರಿ ಬರುತ್ತಿದ್ದ ಮೊದಲ ಚೆಂಡನ್ನು ಉಸಿರು ಬಿಗಿಹಿಡಿದು ನೋಡುತ್ತಿತ್ತು. ಎರ್ಗಾಶ್ ಅಂದು ರೆಫರಿಯನ್ನೂ ನೋಡಲಿಲ್ಲ, ಚೆಂಡನ್ನೂ ನೋಡಲಿಲ್ಲ. ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡುತ್ತಾ ಕೂತಿದ್ದ.