ಚಾಚಾನ ಕತ್ತರಿ ಲಿನಕ್ಸಿಗೆ ಬಂದದ್ದು

ಖಾಸಬಾಗದ ನೇಕಾರರ ಓಣಿಯಲ್ಲಿ ನಾನು ಕೆಲಸಕ್ಕಿದ್ದ ಕಂಪನಿ ಬಹಳ ಸಣ್ಣದು. ಮಾಲಕರು, ನಾನು, ಬೆಸುಗೆ ಹಾಕುವ ಇಬ್ಬರು ಹೆಣ್ಣುಮಕ್ಕಳು, ಅಷ್ಟೇ. ವಿದ್ಯುತ್ ಮಗ್ಗದ ಮೇಲೆ ಸೀರೆಯ ಅಂಚಿನ ವಿನ್ಯಾಸ ಮೂಡಿಸುವ ಪೆಟ್ಟಿಗೆಯೊಂದನ್ನು ತಯಾರಿಸುತ್ತಿದ್ದೆವು. ಅದರೊಳಗೆ ಹಳೆಯ ಕಂಪ್ಯೂಟರಿನ ಬೋರ್ಡು. ಮೆಮರಿ ಚಿಪ್ ಎಷ್ಟು ಸಣ್ಣದೆಂದರೆ ನಮ್ಮ ಪ್ರೋಗ್ರಾಂ ಇದ್ದ ಹಾಗೆ ಅದರಲ್ಲಿ ಹಿಡಿಸುತ್ತಿರಲಿಲ್ಲ. ಹಿಡಿಸುವಂತೆ ಮಾಡುತ್ತಿದ್ದದ್ದು ‘ಕತ್ತರಿ’.

ಕತ್ತರಿ ಎಂದರೆ ಮೊದಲು ನಮ್ಮಲ್ಲೇ ಕೆಲಸಕ್ಕಿದ್ದ ಚಾಚಾ ಬರೆದ ಇನ್ನೊಂದು ಪ್ರೋಗ್ರಾಂ. ಯಂತ್ರಕ್ಕೆ ಕೊಡುವ ಆದೇಶಗಳನ್ನು ಅದು ಸಾಲು ಸಾಲಾಗಿ ಓದಿ, ಬೇಡದ್ದನ್ನು ತೆಗೆದು, ಎರಡು ಸಾಲಿನ ಕೆಲಸವನ್ನು ಒಂದರಲ್ಲಿ ಮುಗಿಸುತ್ತಿತ್ತು. ಚಾಚಾ ಖಾನಾಪುರದವರು. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು, ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವರಲ್ಲ. ನನಗೆ ಕೆಲಸ ಕಲಿಸಿದವರು ಅವರೇ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ಪರದೆಯ ಅಕ್ಷರ ಕಾಣದಾದಾಗ ಕೆಲಸ ಬಿಟ್ಟು ಊರಿಗೆ ಹೋದರು. ಅವತ್ತು ಬಸ್‌ಸ್ಟ್ಯಾಂಡಿನವರೆಗೆ ಹೋಗಿ, “ಭೆಟ್ಟಿ ಆಗಾಕ ಬರ್ತೇನ್ರಿ ಚಾಚಾ” ಎಂದು ಹೇಳಿ ಕಳಿಸಿದ್ದೆ. ಎರಡು ವರ್ಷ ಹೋಗಲಿಲ್ಲ. ಕಣ್ಣು ಕಾಣದ ಮನುಷ್ಯನ ಮುಂದೆ ಕೂತು ಏನು ಮಾತಾಡುವುದು ಎಂಬ ಅಳುಕು, ಬೇರೇನಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಮಾಲಕರು ಕಂಪ್ಯೂಟರುಗಳಲ್ಲಿದ್ದ ಹಳೆಯ ಡಾಸ್ ವ್ಯವಸ್ಥೆ ಬಿಟ್ಟು ಲಿನಕ್ಸಿಗೆ ಹೋಗಲು ನಿರ್ಧರಿಸಿದರು. ಕತ್ತರಿಯನ್ನೂ ಅಲ್ಲಿಗೆ ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಸಾಲುಗಳ ನಡುವೆ ಚಾಚಾ ಇಂಗ್ಲಿಷ್ ಅಕ್ಷರಗಳಲ್ಲಿ ಮರಾಠಿ, ಕನ್ನಡ ಬೆರೆಸಿ ಟಿಪ್ಪಣಿ ಬರೆದಿದ್ದರು. ಏನನ್ನಾದರೂ ತೆಗೆದುಹಾಕುವ ನಿಯಮಕ್ಕೆಲ್ಲ ‘ನಕೋ’ ಎಂದು ಹೆಸರು, ಬೇಡ ಎಂದರ್ಥ. ಲಿನಕ್ಸಿನಲ್ಲಿ ಆದೇಶ ಬರೆಯುವ ರೀತಿಯೇ ತಿರುಗುಮುರುಗು. ಅದನ್ನೆಲ್ಲ ಸರಿಪಡಿಸಲು ಆರು ವಾರ ಹಿಡಿಯಿತು. ಕೊನೆಗೆ ಪೆಟ್ಟಿಗೆಯನ್ನು ಪಕ್ಕದ ಮನೆಯ ಮಗ್ಗಕ್ಕೆ ಕಟ್ಟಿದೆವು. ಒಂದು ಗೇಣು ಅಂಚು ಚೆಂದವಾಗಿ ಬಂತು. ಆಮೇಲೆ ಹೂವಿನ ಜಾಗದಲ್ಲಿ ಅಡ್ಡಾದಿಡ್ಡಿ ಎಳೆಗಳು, ಮಗ್ಗ ನಿಂತೇಬಿಟ್ಟಿತು. ಕತ್ತರಿ ಹಾಕದ ಪ್ರೋಗ್ರಾಂ ನನ್ನ ಮೇಜಿನ ಕಂಪ್ಯೂಟರಿನಲ್ಲಿ ಸರಿಯಾಗಿ ಓಡುತ್ತಿತ್ತು. ಕತ್ತರಿ ಹಾಕಿದ್ದು ಮಾತ್ರ ಕೆಡುತ್ತಿತ್ತು.

ತಪ್ಪು ಎಲ್ಲಿದೆ ಎಂದು ಹತ್ತು ದಿನ ಹುಡುಕಿದೆ. “ಆ ಹಳೀ ಕತ್ರಿ ಒಗದ್ಬಿಡವಾ, ದೊಡ್ಡ ಚಿಪ್ ತರಸೂಣು” ಎಂದರು ಮಾಲಕರು. ನನಗೆ ಮನಸ್ಸಾಗಲಿಲ್ಲ. ರವಿವಾರ ಕತ್ತರಿಯ ಸಾಲುಗಳನ್ನು ಮುದ್ರಿಸಿದ ಹಾಳೆಗಳ ಕಟ್ಟು ಹಿಡಿದು ಪೀರನವಾಡಿಯಲ್ಲಿ ಖಾನಾಪುರದ ಬಸ್ ಹತ್ತಿದೆ.

ಬಾಗಿಲು ತೆರೆದ ಅವರ ಹೆಂಡತಿ ಚಾಚಿಗೆ ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಚಾಚಾ ಒಳಗೆ ಮಂಚದ ಮೇಲೆ ಕೂತಿದ್ದರು. ನಾನು ಬಾಯಿ ತೆರೆದದ್ದೇ ತಡ, ಮುಖ ನನ್ನ ಕಡೆ ತಿರುಗಿತು.

“ಎರಡ ವರ್ಷಾತು ಬೇಟಿ. ಕಣ್ಣ ಹೋಗ್ಯಾವು, ಕಿವಿ ಹೋಗಿಲ್ಲ.”

“ತಪ್ಪಾತ್ರಿ ಚಾಚಾ.”

“ಇರ್ಲಿ, ಕುಂದರು. ಕೈಯಾಗ ಹಾಳಿ ಸಪ್ಪಳ ಕೇಳತೈತಿ. ಓದು.”

ಓದತೊಡಗಿದೆ. ಯಾವ ಅಂಕಿ ಎಲ್ಲಿದೆ ಎಂಬುದನ್ನು ಅವರು ಬೆರಳುಗಳ ಮೇಲೆ ಇಟ್ಟುಕೊಳ್ಳುತ್ತಿದ್ದರು. ಅಂಕಿ ಬದಲಾದಾಗಲೆಲ್ಲ ಒಂದು ಬೆರಳು ಮಡಚುತ್ತಿತ್ತು, ಇನ್ನೊಂದು ಏಳುತ್ತಿತ್ತು. ಚಾಚಿ ಎರಡು ಸಲ ಚಹಾ ತಂದಿಟ್ಟರು. ಹನ್ನೆರಡನೆಯ ಹಾಳೆಯ ಹೊತ್ತಿಗೆ ಚಾಚಾ ಕೈ ಎತ್ತಿದರು.

“ನಿಂದ್ರು. ಆ ನಕೋ ಮತ್ತೊಮ್ಮೆ ಓದು.”

ಒಂದು ಕೆಲಸ ಶುರುವಾಗುವ ಮುಂಚೆ ಯಂತ್ರದ ಒಂದು ಜಾಗದಲ್ಲಿದ್ದ ಅಂಕಿಯನ್ನು ಬೇರೆಡೆ ಎತ್ತಿಟ್ಟು, ಕೆಲಸ ಮುಗಿದ ಮೇಲೆ ತಿರುಗಿ ತಂದಿಡುವ ಎರಡು ಸಾಲುಗಳನ್ನು ಆ ನಿಯಮ ತೆಗೆದುಹಾಕುತ್ತಿತ್ತು.

“ಡಾಸಿನ್ಯಾಗ ಆ ಜಾಗಾ ಖಾಲಿ ಖೋಲಿ ಇದ್ದಂಗ. ಯಾರರೆ ಬಳಸಬಹುದಿತ್ತು. ಲಿನಕ್ಸಿನ್ಯಾಗ ಅಲ್ಲೆ ಮತ್ತೊಬ್ಬರು ಸಾಮಾನ ಇಟ್ಟಿರ್ತಾರೇನು, ನೋಡು.”

ಚೀಲದಲ್ಲಿದ್ದ ಲಿನಕ್ಸಿನ ದಪ್ಪ ಪುಸ್ತಕ ತೆಗೆದು ಹುಡುಕಿದೆ. “ಇಟ್ಟಿರ್ತಾರ್ರಿ. ಬಳಸಿದವ್ರು ಇದ್ದಂಗ ವಾಪಸ್ ಇಡಬೇಕು ಅಂತ ಬರದೈತಿ.”

“ನಾ ಅದನ್ನ ಕಸ ಅಂತ ಒಗದೇನಿ. ತಪ್ಪು ನಂದು.”

“ಅಲ್ರಿ ಚಾಚಾ. ಲಿನಕ್ಸಿಗೆ ತಂದಾಕಿ ನಾನು, ಓದಿ ನೋಡಬೇಕಿತ್ತು.”

ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ನೊಂದರೇನೋ ಎಂದು ನಾನು ಹೆದರಿದೆ. ನೋಡಿದರೆ ಬೆರಳುಗಳು ಇನ್ನೂ ಆಡುತ್ತಿದ್ದವು. “ಆ ನಕೋ ತಗದ್ರ ಪ್ರೋಗ್ರಾಂ ಚಿಪ್ಪಿನ್ಯಾಗ ಹಿಡಸೂದಿಲ್ಲ. ಮುಂದಿನ ರವಿವಾರ ಬಾ.”

ಅವರು ಹೇಳಿದ ಹಾಗೆಯೇ ಆಯಿತು. ಆ ನಿಯಮ ತೆಗೆದೆ, ಮೇಜಿನ ಕಂಪ್ಯೂಟರಿನಲ್ಲಿ ಕೆಡುವುದು ನಿಂತಿತು, ಆದರೆ ಪ್ರೋಗ್ರಾಂ ಚಿಪ್ಪಿಗಿಂತ ದೊಡ್ಡದಾಯಿತು. ಮುಂದಿನ ರವಿವಾರ ಹೋದಾಗ ವಾರವಿಡೀ ತಲೆಯಲ್ಲೇ ಕಟ್ಟಿದ್ದ ಹೊಸ ನಿಯಮವನ್ನು ಅವರು ಹೇಳುತ್ತ ಹೋದರು, ನಾನು ಪೆನ್ಸಿಲಿನಲ್ಲಿ ಬರೆದುಕೊಂಡೆ. ಅದರ ಮುಂದಿನ ವಾರ ಇನ್ನೊಂದು. ನಾಲ್ಕನೆಯ ರವಿವಾರ ಕಳೆದ ಮೇಲೆ ಪ್ರೋಗ್ರಾಂ ಚಿಪ್ಪಿನಲ್ಲಿ ಕೂತಿತು. ಮಗ್ಗದ ಮೇಲೆ ಒಂದು ಸೀರೆಯ ಅಂಚು ತುದಿಯವರೆಗೂ ತಪ್ಪಿಲ್ಲದೆ ಇಳಿಯಿತು. 

ಮಾಲಕರು ತಾವೇ ಖಾನಾಪುರಕ್ಕೆ ಬಂದರು, ಸಕ್ಕರೆ ಕಾಯಿಲೆಯವರಿಗೆ ಅರ್ಧ ಕಿಲೋ ಸಿಹಿ ಕುಂದಾ ಹಿಡಿದುಕೊಂಡು! ಚಾಚಿ ಡಬ್ಬಿಯನ್ನು ಅಲ್ಲಿಂದಲೇ ನೆರೆಮನೆಗೆ ದಾಟಿಸಿದರು. “ಮನ್ಯಾಗ ಕುಂತ ಕೆಲಸಾ ಮಾಡ್ರಿ, ಈಕಿ ಫೋನ್‌ನ್ಯಾಗ ಓದ್ತಾಳ” ಎಂದರು ಮಾಲಕರು. ಚಾಚಾ ಚಾಚಿಯ ಕೈಗಾಗಿ ತಡಕಾಡಿ, ಅದನ್ನು ಹಿಡಿದುಕೊಂಡು ಕೂತರು.

ಅವತ್ತಿನಿಂದ ದಿನಾ ಹನ್ನೊಂದಕ್ಕೆ ಆಫೀಸಿನ ಫೋನ್ ರಿಂಗಾಗುತ್ತಿತ್ತು. ಚಾಚಿ ನಂಬರು ಒತ್ತಿ ಅವರ ಕೈಗೆ ಕೊಡುತ್ತಿದ್ದರು. “ಹಾಂ, ಇವತ್ತ ಏನೈತಿ?” ಕೆಲವೇ ವರ್ಷಗಳಲ್ಲಿ ಚಿಪ್‌ಗಳು ದೊಡ್ಡವಾಗಿ ಕತ್ತರಿಯ ಅಗತ್ಯ ಹೋಯಿತು. ಫೋನ್ ಮಾತ್ರ ನಿಲ್ಲಲಿಲ್ಲ, ನಾನು ಅವರಿಗೆ ಬೇರೆ ಪ್ರೋಗ್ರಾಂಗಳನ್ನು ಓದತೊಡಗಿದೆ. ಅವರು ಅವುಗಳಲ್ಲಿಯೂ ನನ್ನ ತಪ್ಪು ಹಿಡಿದು ಬೈಯುತ್ತಿದ್ದರು.